ವಿಟಮಿನ್ ಡಬ್ಬಿ

ಕಾಲೇಜಿನಲ್ಲಿ ಪಾಠ ಮಾಡೋಕೆ ಶುರು ಮಾಡಿ ಹದಿಮೂರು ವರ್ಷ ಆಯ್ತು. ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಒಂದು ಮಾತು ಹೇಳ್ತೀನಿ. "ಜ್ವರ ಬಂದ್ರೆ ಡಾಕ್ಟ್ರ ಹತ್ರ ಹೋಗಲ್ವಾ? ಮನಸ್ಸಿಗೂ ಹಾಗೇನೇ. ಮುಚ್ಚಿಡಬೇಡಿ." ಮೇಡಂ ಚೆನ್ನಾಗಿ ಹೇಳ್ತಾರೆ ಅಂತ ಹೆಸರೂ ಇದೆ.

ಹೋದ ವರ್ಷ ಆ ಮಾತು ಹೇಳಿದ ದಿನವೇ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ, ಪುಸ್ತಕ ತೆಗೆದರೆ ಅಳು ಬರುತ್ತೆ ಅಂದಳು. ಮನೋವೈದ್ಯರನ್ನ ಒಂದ್ಸಲ ನೋಡಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮೇಡಂ, ನೀವು ಯಾವತ್ತಾದ್ರೂ ಹೋಗಿದೀರಾ?"

"ಇಲ್ಲಮ್ಮ" ಅಂದೆ.

ಸುಳ್ಳು. ಆಗಲೂ ನನ್ನ ಬ್ಯಾಗಿನಲ್ಲಿ ಖಿನ್ನತೆಯ ಮಾತ್ರೆ ಇತ್ತು. ಯಾರ ಕಣ್ಣಿಗೂ ಬೀಳಬಾರದು ಅಂತ ವಿಟಮಿನ್ ಡಬ್ಬಿಗೆ ಹಾಕಿಟ್ಟುಕೊಂಡಿದ್ದೆ. ಅವಳು "ಸರಿ ಮೇಡಂ" ಅಂದು ಹೊರಟುಹೋದಳು.

ಆ ರಾತ್ರಿ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ನನ್ನ ಕಾಯಿಲೆ ನನ್ನದು, ಯಾರಿಗೆ ಹೇಳಬೇಕು ಅನ್ನೋದು ನನ್ನಿಷ್ಟ. ಇದೇನೂ ತಪ್ಪಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಗೋಪ್ಯತೆಯನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತೆ. ಬೆಂಗಳೂರಲ್ಲಿ ಯಾರಾದ್ರೂ ಸ್ವಲ್ಪ ವಿಚಿತ್ರವಾಗಿ ಆಡಿದ್ರೆ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಗ್ತೀವಿ. ಉತ್ತರ ಕರ್ನಾಟಕದಲ್ಲಿ ಅದೇ ಜೋಕಿಗೆ ಧಾರವಾಡ. ಇಂಥ ಕಡೆ ಮುಚ್ಚಿಟ್ಟುಕೊಳ್ಳೋದು ಹೇಡಿತನ ಅಲ್ಲ, ಎಚ್ಚರಿಕೆ. ನನ್ನ ಗೆಳತಿಯೊಬ್ಬಳು ಮಾತ್ರೆಯ ವಿಷಯ ಬಾಯಿಬಿಟ್ಟಿದ್ದಕ್ಕೆ ನಿಶ್ಚಯವಾಗಿದ್ದ ಮದುವೆಯೇ ಮುರಿದುಬಿತ್ತು. ಅವಳಿಗೆ "ಮುಚ್ಚಿಡಬೇಡ" ಅಂತ ಹೇಳೋ ಧೈರ್ಯ ನನಗಂತೂ ಇಲ್ಲ.

ಆದರೆ ಹೇಳದೇ ಇರೋದು ಬೇರೆ, ಇಲ್ಲ ಅನ್ನೋದು ಬೇರೆ. "ಅದನ್ನ ಹೇಳೋಕೆ ಇಷ್ಟ ಇಲ್ಲಮ್ಮ" ಅನ್ನಬಹುದಿತ್ತು. ಅವಳು ಊಹಿಸ್ತಿದ್ದಳೋ ಏನೋ. ಊಹಿಸಲಿ. ನನ್ನ "ಇಲ್ಲ" ಅವಳಿಗೆ ಕಲಿಸಿದ್ದೇನು? ಒಳ್ಳೆಯವರು, ಓದಿದವರು, ಮೇಡಂ ಥರದವರು ಅಲ್ಲಿಗೆ ಹೋಗಲ್ಲ ಅಂತ. ನನ್ನ ಗುಟ್ಟು ತಿಳಿಯೋದು ಅವಳಿಗೆ ಬೇಕಿರಲಿಲ್ಲ. ಅಲ್ಲಿಗೆ ಹೋದವರು ಆಮೇಲೆ ಎಲ್ಲರ ಹಾಗೆ ಬದುಕ್ತಾರಾ ಅಂತ ತಿಳೀಬೇಕಿತ್ತು. ಉತ್ತರ ಅವಳ ಎದುರೇ ಕೂತಿತ್ತು.

ಎರಡು ದಿನ ಬಿಟ್ಟು ಕರೆಸಿದೆ. "ಮೊನ್ನೆ ಸುಳ್ಳು ಹೇಳಿದೆ ಕಣಮ್ಮ. ಹೋಗಿದ್ದೆ. ಈಗಲೂ ಹೋಗ್ತೀನಿ."

ಅಳಬಹುದು, ಬೇಜಾರು ಮಾಡ್ಕೋಬಹುದು ಅಂದುಕೊಂಡಿದ್ದೆ. ಅವಳು ಕೇಳಿದ್ದು, "ಫೀಸ್ ಎಷ್ಟು ಮೇಡಂ?"

ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು ಅಂದೆ. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನೂ ಬರೆದುಕೊಟ್ಟೆ. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು, ಉಚಿತ, ರಾತ್ರಿ ಮಾಡಿದ್ರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರ ಅವಳ ಜೊತೆ ನಾನೂ ಆಸ್ಪತ್ರೆಗೆ ಹೋದೆ.

ಹಾಗಂತ ನಾನೇನೂ ಊರಿಗೆಲ್ಲ ಹೇಳಿಕೊಂಡು ಬಂದಿಲ್ಲ. ಸ್ಟಾಫ್ ರೂಮಿನಲ್ಲಿ ಇವತ್ತಿಗೂ ಅದೇ ವಿಟಮಿನ್ ಡಬ್ಬಿ. ಆದರೆ ಮಕ್ಕಳಿಗೆ ಹೇಳೋ ಮಾತು ಬದಲಾಗಿದೆ. "ಮುಚ್ಚಿಡಬೇಡಿ" ಅನ್ನಲ್ಲ. "ನಂಬಿಕೆ ಇರೋ ಒಬ್ಬರಿಗೆ ಹೇಳಿ" ಅಂತೀನಿ. ಆ ಒಬ್ಬರು ನೀವಾದರೆ, ನೀವೂ ಆ ದಾರಿಯಲ್ಲಿ ಹೋಗಿಬಂದಿದ್ದರೆ, ದಯವಿಟ್ಟು ನನ್ನ ಹಾಗೆ "ಇಲ್ಲಮ್ಮ" ಅನ್ನಬೇಡಿ.