ನೆನಪು ಪ್ರಮಾಣವೇ?

1984ರ ಅಕ್ಟೋಬರ್ 31, ಬುಧವಾರ. ಇಂದಿರಾ ಗಾಂಧಿಯವರ ಹತ್ಯೆಯ ಸುದ್ದಿ ಕೇಳಿದಾಗ ಎಲ್ಲಿದ್ದಿರಿ ಎಂದು ಐವತ್ತು ದಾಟಿದ ಯಾರನ್ನೇ ಕೇಳಿ, ತಡವರಿಸದೆ ಹೇಳುತ್ತಾರೆ. ಶಾಲೆಗೆ ಅರ್ಧ ದಿನಕ್ಕೇ ರಜೆ ಕೊಟ್ಟರು, ಅಂಗಡಿಗಳ ಬಾಗಿಲು ಒಂದೊಂದಾಗಿ ಎಳೆದರು, ಬಸ್ಸಿಲ್ಲದೆ ನಡೆದೇ ಮನೆ ಸೇರಿದೆವು, ರೇಡಿಯೋ ಮುಂದೆ ಕೂತ ಅಪ್ಪ ಊಟಕ್ಕೂ ಏಳಲಿಲ್ಲ. ಅದರ ಹಿಂದಿನ ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಮಾತ್ರ ಯಾರಿಗೂ ಏನೂ ನೆನಪಿರುವುದಿಲ್ಲ. ಕರ್ನಾಟಕದವರಿಗೆ ಆ ಸುದ್ದಿ ಇನ್ನಷ್ಟು ಹತ್ತಿರದ್ದು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಅವರು ಲೋಕಸಭೆಗೆ ಮರಳಿದ್ದರು. ಅವರಿಗೆ ಓಟು ಹಾಕಿದವರಿಗೂ ಹಾಕದವರಿಗೂ ಅವರು ಪರಿಚಿತರೇ ಆಗಿದ್ದರು.

ಇಂಥ ನೆನಪಿನ ಮುಂದೆ ತತ್ತ್ವಶಾಸ್ತ್ರ ಇಡುವ ಪ್ರಶ್ನೆ ಇದು: ನೆನಪು ಪ್ರಮಾಣವೇ? ಕಣ್ಣಾರೆ ಕಂಡದ್ದನ್ನು, ತರ್ಕದಿಂದ ಊಹಿಸಿದ್ದನ್ನು, ನಂಬಿಕಸ್ಥರ ಮಾತನ್ನು ಜ್ಞಾನಕ್ಕೆ ಆಧಾರವೆಂದು ಒಪ್ಪುವ ಹಾಗೆ, ನೆನಪನ್ನೂ ಒಪ್ಪಬಹುದೇ? ನಮ್ಮ ದರ್ಶನಗಳು ಇದರ ಮೇಲೆ ಶತಮಾನಗಳ ಕಾಲ ಜಗಳವಾಡಿವೆ. ಆ ಜಗಳದಲ್ಲಿ ಕನ್ನಡ ನಾಡಿನ ಒಂದು ದೊಡ್ಡ ದನಿಯೂ ಇದೆ.

ನೈಯಾಯಿಕರು ಸ್ಮೃತಿಯನ್ನು ಪ್ರಮಾಣದ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಅವರ ವಾದ ಹೀಗಿದೆ. ಅನುಭವವಾದಾಗ ಆತ್ಮದಲ್ಲಿ ಒಂದು ಸಂಸ್ಕಾರ ಉಳಿಯುತ್ತದೆ. ಮುಂದೊಂದು ದಿನ ಅದು ಎಚ್ಚೆತ್ತಾಗ ಹುಟ್ಟುವುದೇ ನೆನಪು. ಅದಕ್ಕೆ ವಸ್ತುವಿನ ಜೊತೆ ನೇರ ಸಂಬಂಧವಿಲ್ಲ, ಇರುವುದು ಹಳೆಯ ಅನುಭವದ ಜೊತೆಗೆ. ಅನುಭವ ಸರಿಯಾಗಿದ್ದರೆ ನೆನಪು ಸರಿ, ಅನುಭವ ತಪ್ಪಿದ್ದರೆ ನೆನಪೂ ತಪ್ಪು. ಸ್ವಂತ ಬಲದ ಮೇಲೆ ನಿಲ್ಲದ ಜ್ಞಾನವನ್ನು ಪ್ರಮೆ, ಅಂದರೆ ನಿಜವಾದ ಅರಿವು, ಎಂದು ಹೇಗೆ ಕರೆಯುವುದು?

ದ್ವೈತಿಗಳು ಇದನ್ನು ಒಪ್ಪಲಿಲ್ಲ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದು ಟೀಕಾಚಾರ್ಯರೆಂದೇ ಹೆಸರಾದ ಹದಿನಾಲ್ಕನೇ ಶತಮಾನದ ಜಯತೀರ್ಥರಿಗೆ ಪ್ರಮಾಣದ ಅಳತೆ ಒಂದೇ: ವಸ್ತು ಇದ್ದಂತೆ ತಿಳಿಸಬೇಕು, ಯಥಾರ್ಥವಾಗಿರಬೇಕು. ನೆನಪು ಅದನ್ನು ಮಾಡುತ್ತದಲ್ಲ! ಕಳೆದುಹೋದದ್ದನ್ನು ಅದು ಈಗ ಇದೆ ಎಂದು ತೋರಿಸುವುದಿಲ್ಲ, ಆಗ ಹಾಗಿತ್ತು ಎಂದೇ ತೋರಿಸುತ್ತದೆ. ಆಗ ಹಾಗಿದ್ದದ್ದು ನಿಜವಾದರೆ ನೆನಪೂ ನಿಜ. ನೆನಪನ್ನು ತಳ್ಳಿಹಾಕಿದರೆ ಅನುಮಾನಕ್ಕೂ, ಅಂದರೆ ತರ್ಕದ ಊಹೆಗೂ, ನೆಲೆಯಿಲ್ಲ ಎಂಬುದನ್ನೂ ಇದರ ಜೊತೆಗೆ ಸೇರಿಸಿಕೊಳ್ಳಬೇಕು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬುದು ನೆನಪಿಲ್ಲದವನು ಹೊಗೆ ಕಂಡು ಏನನ್ನು ಊಹಿಸಿಯಾನು? ಜೈನ ತಾರ್ಕಿಕ ಅಕಳಂಕನೂ ಸ್ಮೃತಿಯನ್ನು ಪ್ರಮಾಣವೆಂದೇ ಎಣಿಸಿದ. ನನ್ನ ಒಲವು ಇವರ ಕಡೆಗೇ. ಆದರೆ ಯಥಾರ್ಥವಾಗಿರಬೇಕು ಎಂಬ ಷರತ್ತು ನಾವು ಸಾಮಾನ್ಯವಾಗಿ ಅಂದುಕೊಳ್ಳುವುದಕ್ಕಿಂತ ಬಹಳ ಕಠಿಣವಾದದ್ದು.

ಅದು ಎಷ್ಟು ಕಠಿಣ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಅಧ್ಯಕ್ಷ ಕೆನಡಿಯ ಹತ್ಯೆಯಾಗಿ (1963ರ ನವೆಂಬರ್ 22) ಹದಿಮೂರು ಹದಿನಾಲ್ಕು ವರ್ಷವಾದ ಮೇಲೆ, 1977ರಲ್ಲಿ, ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಇಂಥ ನೆನಪಿಗೆ ‘ಫ್ಲ್ಯಾಶ್‌ಬಲ್ಬ್ ಮೆಮರಿ’ ಎಂದು ಹೆಸರಿಟ್ಟರು. ಸುದ್ದಿಯ ಆಘಾತಕ್ಕೆ ಮನಸ್ಸು ಆ ಕ್ಷಣದ ಫೋಟೋ ತೆಗೆದಿಟ್ಟುಕೊಳ್ಳುತ್ತದೆ ಎಂಬುದು ಅವರ ಊಹೆ. ಅವರು ಮಾತಾಡಿಸಿದ ಎಂಬತ್ತು ಜನರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಕೆನಡಿ ಸತ್ತ ಸುದ್ದಿ ಕೇಳಿದ ಗಳಿಗೆ ನೆನಪಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ವಿಷಯಕ್ಕೆ ಬಂದಾಗ ಮಾತ್ರ ಕಪ್ಪು ವರ್ಣದವರಲ್ಲಿ ನಾಲ್ವರಲ್ಲಿ ಮೂವರು ನೆನಪಿಟ್ಟುಕೊಂಡಿದ್ದರು, ಬಿಳಿಯರಲ್ಲಿ ಮೂವರಲ್ಲಿ ಒಬ್ಬರು. ಈ ಅಂಕಿ ನನ್ನನ್ನು ಬಹಳ ಕಾಡಿದೆ. ರಾಷ್ಟ್ರದ ದುರಂತ ಎಂದು ನಾವು ಕರೆಯುವುದು ರಾಷ್ಟ್ರದ ಯಾರ ಎದೆಗೆ ತಾಗಿತು ಎಂಬುದನ್ನು ನೆನಪೇ ಹೇಳಿಬಿಡುತ್ತದೆ.

ಆದರೆ ಅವರು ಹೇಳಿದ ಫೋಟೋ ನಿಜವೇ? 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿದು ಏಳು ಜನ ಸತ್ತರು. ಮರುದಿನ ಬೆಳಿಗ್ಗೆಯೇ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ, ಸುದ್ದಿ ಹೇಗೆ ತಿಳಿಯಿತು, ಎಲ್ಲಿದ್ದಿರಿ, ಯಾರು ಹೇಳಿದರು ಎಂಬುದನ್ನೆಲ್ಲ ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಜನರಿಗೆ ಅವೇ ಪ್ರಶ್ನೆ ಹಾಕಿದರು. ನಾಲ್ವರಲ್ಲಿ ಒಬ್ಬರ ಉತ್ತರ ಪೂರ್ತಿ ತಪ್ಪಾಗಿತ್ತು: ಜಾಗ, ಹೇಳಿದವರು, ಮಾಡುತ್ತಿದ್ದ ಕೆಲಸ, ಯಾವುದೂ ಹೊಂದಲಿಲ್ಲ. ಎಲ್ಲವನ್ನೂ ಸರಿಯಾಗಿ ಹೇಳಿದವರು ಮೂವರೇ. ತಪ್ಪು ಹೇಳಿದವರಲ್ಲೂ ಅನೇಕರಿಗೆ ಸಂಶಯದ ಎಳೆಯೂ ಇರಲಿಲ್ಲ. ಅವರದೇ ಕೈಬರಹವನ್ನು ಮುಂದೆ ಹಿಡಿದಾಗಲೂ ಮೊದಲಿನ ನೆನಪು ಮರಳಿ ಬರಲಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಅಧ್ಯಯನವೊಂದು ಇದನ್ನು ಇನ್ನೂ ಸ್ಪಷ್ಟಪಡಿಸಿತು. ದಾಳಿಯ ನೆನಪೂ ಆ ದಿನಗಳ ಯಾವುದೋ ಸಾಮಾನ್ಯ ಘಟನೆಯ ನೆನಪೂ ಒಂದೇ ವೇಗದಲ್ಲಿ ಮಸುಕಾದವು, ಆದರೆ ದಾಳಿಯ ನೆನಪಿನ ಮೇಲಿದ್ದ ಭರವಸೆ ಮಾತ್ರ ಕುಂದಲಿಲ್ಲ. ಅಂದರೆ ಖಚಿತತೆಯೇ ಬೇರೆ, ಯಥಾರ್ಥತೆಯೇ ಬೇರೆ.

ನೈಸರ್ ವಿದ್ಯಾರ್ಥಿಗಳ ಉತ್ತರದಲ್ಲಿ ಇನ್ನೊಂದು ಸಂಗತಿಯಿತ್ತು. ಮೊದಲ ಸಲ ಐವರಲ್ಲಿ ಒಬ್ಬರು ಮಾತ್ರ ಸುದ್ದಿಯನ್ನು ಟಿವಿಯಿಂದ ತಿಳಿದೆ ಎಂದಿದ್ದರು. ಎರಡೂವರೆ ವರ್ಷದ ಮೇಲೆ ಹಾಗೆ ಹೇಳಿದವರು ಅರ್ಧದ ಹತ್ತಿರಕ್ಕೆ ಬಂದಿದ್ದರು.

ಇದನ್ನು ಓದಿದಾಗ ನನಗೆ ಹನುಮಂತನಗರದ ನಮ್ಮ ಚಿಕ್ಕಮ್ಮ ನೆನಪಾದರು. ಇಂದಿರಾ ಗಾಂಧಿ ಹೋದ ಸುದ್ದಿಯನ್ನು ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಟಿವಿಯಲ್ಲಿ ನೋಡಿದೆ ಎಂದು ಅವರು ಹೇಳುತ್ತಾರೆ. ಮೊರ, ಅಕ್ಕಿಯಲ್ಲಿದ್ದ ನೆಲ್ಲು, ಕೈ ಅಲ್ಲಿಗೇ ನಿಂತದ್ದು, ಎಲ್ಲವನ್ನೂ ಹೇಳುತ್ತಾರೆ. ಆದರೆ ಆ ಮನೆಗೆ ಟಿವಿ ಬಂದದ್ದು ಅದಾದ ಎಷ್ಟೋ ದಿನಗಳ ಮೇಲೆ. ಗುಂಡು ಹಾರಿದ್ದು ಬೆಳಿಗ್ಗೆ ಒಂಬತ್ತೂ ಕಾಲರ ಸುಮಾರಿಗೆ, ಸಾವನ್ನು ಬಿಬಿಸಿ ಮೊದಲೇ ಹೇಳಿದ್ದರೂ ಆಕಾಶವಾಣಿ ಹೇಳಿದ್ದು ಸಂಜೆ. ದೂರದರ್ಶನ ನವೆಂಬರ್ 3ರ ಅಂತ್ಯಸಂಸ್ಕಾರದವರೆಗೂ ಆ ದೃಶ್ಯಗಳನ್ನು ತೋರಿಸಿತು. ಅವನ್ನು ಚಿಕ್ಕಮ್ಮ ನೋಡಿದ್ದು ಎದುರು ಮನೆಯ ಜಗುಲಿಯಲ್ಲಿ ನಿಂತು, ಹತ್ತು ಜನರ ಹೆಗಲ ಸಂದಿಯಿಂದ. ಚಿಕ್ಕಮ್ಮ ಸುಳ್ಳು ಹೇಳುವವರಲ್ಲ. ಮೊರವೂ ನಿಜ, ದೃಶ್ಯವೂ ನಿಜ. ಎರಡು ದಿನಗಳ ಎರಡು ನಿಜಗಳು ಒಂದೇ ಗಳಿಗೆಯಾಗಿ ಕೂಡಿಕೊಂಡಿವೆ.

ಇದಕ್ಕೆ ಮೀಮಾಂಸಕರಲ್ಲಿ ಪ್ರಭಾಕರನ ಬಳಿ ಒಂದು ವಿವರಣೆಯಿದೆ, ಫೋಟೋದ ಮಾತಿಗಿಂತ ಅದು ನನಗೆ ಎಷ್ಟೋ ಮೇಲೆನಿಸುತ್ತದೆ. ಹೊಳೆಯುವ ಚಿಪ್ಪನ್ನು ಕಂಡು ‘ಇದು ಬೆಳ್ಳಿ’ ಎನ್ನುವವನ ಭ್ರಮೆಯನ್ನು ಅವನು ಹೀಗೆ ಬಿಡಿಸುತ್ತಾನೆ: ‘ಇದು’ ಎನ್ನುವುದು ಕಣ್ಣಿಗೆ ಕಾಣುತ್ತಿರುವುದು, ‘ಬೆಳ್ಳಿ’ ಎನ್ನುವುದು ಹಿಂದೆಂದೋ ಕಂಡದ್ದರ ನೆನಪು. ಎರಡೂ ಸುಳ್ಳಲ್ಲ. ನೆನಪು ತಾನು ನೆನಪೆಂಬ ಗುರುತನ್ನು ಕಳೆದುಕೊಂಡು ಬಂದಿದೆ, ಹಾಗಾಗಿ ಎರಡರ ನಡುವಿನ ವ್ಯತ್ಯಾಸ ತಿಳಿಯಲಿಲ್ಲ. ಇದಕ್ಕೆ ಸ್ಮೃತಿಪ್ರಮೋಷ ಎಂದು ಹೆಸರು. ರಾಷ್ಟ್ರೀಯ ದುರಂತಗಳ ನೆನಪಿನಲ್ಲಿ ಆಗುವುದೂ ಇದೇ ಬಗೆಯದು. ಕಂಡದ್ದು, ಕೇಳಿದ್ದು, ಮರುದಿನ ಪತ್ರಿಕೆಯಲ್ಲಿ ಓದಿದ್ದು, ಮನೆಯವರು ಪ್ರತಿ ವರ್ಷ ಹೇಳಿಕೊಂಡದ್ದು, ಇವೆಲ್ಲ ತಮ್ಮ ತಮ್ಮ ಗುರುತು ಕಳಚಿಕೊಂಡು ‘ನಾನು ಅಲ್ಲಿದ್ದೆ’ ಎಂಬ ಒಂದೇ ಮಾತಿನೊಳಗೆ ಸೇರುತ್ತವೆ.

1966ರಲ್ಲಿ ಸಿ. ಬಿ. ಮಾರ್ಟಿನ್ ಮತ್ತು ಮ್ಯಾಕ್ಸ್ ಡಾಯ್ಚರ್ ಎಂಬ ಇಬ್ಬರು ತತ್ತ್ವಜ್ಞರು ಇಲ್ಲಿಗೇ ಬೇರೆ ದಾರಿಯಿಂದ ಬಂದರು. ನೆನಪೆನಿಸಿಕೊಳ್ಳಲು ಅನುಭವ ಆಗಿದ್ದರಷ್ಟೇ ಸಾಲದು, ಆ ಅನುಭವವೇ ತನ್ನ ಗುರುತಿನ ಮೂಲಕ ಇಂದಿನ ನೆನಪಿಗೆ ಕಾರಣವಾಗಿರಬೇಕು ಎಂದರು. ಅವರು ಕೊಡುವ ಉದಾಹರಣೆಯಲ್ಲಿ ಒಬ್ಬ ತನಗಾದ ಅಪಘಾತವನ್ನು ಗೆಳೆಯನಿಗೆ ಹೇಳುತ್ತಾನೆ. ಆಮೇಲೆ ಎರಡನೇ ಅಪಘಾತದಲ್ಲಿ ಮೊದಲನೆಯದರ ನೆನಪೇ ಅಳಿಸಿಹೋಗುತ್ತದೆ. ಗೆಳೆಯ ಅದನ್ನು ತಿರುಗಿ ಅವನಿಗೆ ಹೇಳುತ್ತಾನೆ. ಮುಂದೆ ಅವನು ವಿವರವಾಗಿ ಸರಿಯಾಗಿಯೇ ಹೇಳಿದರೂ ಅದು ನೆನಪಲ್ಲ, ಗೆಳೆಯನ ಮಾತು. ಸಂಸ್ಕಾರದಿಂದ ಹುಟ್ಟಿದ್ದೇ ಸ್ಮೃತಿ ಎಂಬ ನೈಯಾಯಿಕರ ಮಾತಿಗೆ ಇದು ಎಷ್ಟು ಹತ್ತಿರದಲ್ಲಿದೆ ನೋಡಿ.

ಹಾಗಾದರೆ ಇಂಥ ನೆನಪುಗಳನ್ನೆಲ್ಲ ನಂಬಲೇಬಾರದೇ? ಹಾಗೆ ಹೇಳಿದರೆ ದೊಡ್ಡ ಅನ್ಯಾಯವಾಗುತ್ತದೆ. ಅದೇ 1984ರ ನವೆಂಬರ್ ಮೊದಲ ದಿನಗಳಲ್ಲಿ ದೆಹಲಿಯಲ್ಲಿ ಸಿಖ್ಖರ ಕಗ್ಗೊಲೆ ನಡೆಯಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 2,733. ಗಂಡನನ್ನು, ಮಗನನ್ನು ಕಣ್ಣೆದುರೇ ಕಳೆದುಕೊಂಡ ಹೆಂಗಸರು ದಶಕಗಳ ಕಾಲ ಅದನ್ನೇ ಹೇಳುತ್ತ ನಿಂತರು. 2018ರ ಡಿಸೆಂಬರ್ 17ರಂದು ದೆಹಲಿ ಹೈಕೋರ್ಟ್ ಆ ಕಗ್ಗೊಲೆಯ ಪ್ರಕರಣವೊಂದರಲ್ಲಿ ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ಅಂಥ ಸಾಕ್ಷಿಗಳ ಮಾತೇ ಆಧಾರವಾಗಿತ್ತು. ಸುದ್ದಿ ಕೇಳಿದವರ ನೆನಪಿನ ದೋಷವನ್ನು ತೋರಿಸಿ ಬೆಂಕಿಯ ನಡುವೆ ನಿಂತವರ ನೆನಪನ್ನು ಅಲ್ಲಗಳೆಯಲು ಯಾರಿಗೂ ಹಕ್ಕಿಲ್ಲ. ನೈಸರ್ ಅವರೇ ಈ ಭೇದವನ್ನು ಆಮೇಲೆ ಅಳೆದು ತೋರಿಸಿದರು. 1989ರ ಅಕ್ಟೋಬರ್ 17ರ ಕ್ಯಾಲಿಫೋರ್ನಿಯಾ ಭೂಕಂಪವನ್ನು ಸ್ವತಃ ಅನುಭವಿಸಿದವರು ಒಂದೂವರೆ ವರ್ಷದ ಮೇಲೂ ತಾವು ಎಲ್ಲಿದ್ದೆವೆಂಬುದನ್ನು ಬಹುತೇಕ ತಪ್ಪಿಲ್ಲದೆ ಹೇಳಿದರು. ಅಟ್ಲಾಂಟಾದಲ್ಲಿ ಕೂತು ಸುದ್ದಿ ಕೇಳಿದವರ ನೆನಪು ಅಷ್ಟು ಗಟ್ಟಿಯಾಗಿರಲಿಲ್ಲ.

ಆದ್ದರಿಂದ ಜಯತೀರ್ಥರ ಷರತ್ತನ್ನು ಹಿಡಿದು ನಾನು ಹೇಳುವುದಿಷ್ಟು: ನೆನಪು ಪ್ರಮಾಣವೇ ಹೌದು, ಆದರೆ ಯಾವುದಕ್ಕೆ ಪ್ರಮಾಣ ಎಂದು ಪ್ರತಿ ಸಲ ಕೇಳಬೇಕು. ಚಿಕ್ಕಮ್ಮನ ನೆನಪು ಸುದ್ದಿ ಬಂದ ಗಳಿಗೆಗೆ ಪ್ರಮಾಣವಲ್ಲ. ಆ ಸಾವು ಅವರ ನಡುಮನೆಯವರೆಗೂ ಬಂದಿತ್ತು ಎಂಬುದಕ್ಕೆ ಪ್ರಮಾಣ, ಅದರಲ್ಲಿ ನನಗೆ ಸಂದೇಹವಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ 1948ರ ಜನವರಿ 30ರ ಸಂಜೆ ಗಾಂಧೀಜಿಯ ಕೊಲೆಯ ಸುದ್ದಿ ಕೇಳಿದವರು ಯಾರಾದರೂ ಇದ್ದರೆ, ಈ ವಾರವೇ ಅವರ ಬಳಿ ಕೂತು ಬರೆದುಕೊಳ್ಳಿ. ಕಣ್ಣಾರೆ ಕಂಡದ್ದು ಯಾವುದು, ಕಿವಿಯಾರೆ ಕೇಳಿದ್ದು ಯಾವುದು, ಆಮೇಲೆ ಮನೆಯವರು ಹೇಳಿ ತಿಳಿದದ್ದು ಯಾವುದು ಎಂದು ಬೇರೆ ಬೇರೆ ಮಾಡಿ ಕೇಳಿ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ.