ಡೊಂಕು ಕೈ

ನನ್ನ ಬಲಗೈ ಮೊಣಕೈಯಿಂದ ಕೆಳಗೆ ತುಸು ಹೊರಕ್ಕೆ ಬಾಗಿದೆ. ಯಾರಾದರೂ ತೋರಿಸಿಕೊಟ್ಟರೆ ಮಾತ್ರ ಕಾಣುವಂಥ ಡೊಂಕು. ಮೂವತ್ತೈದು ವರ್ಷ ಅದರಿಂದ ನನಗೆ ತೊಂದರೆಯೇ ಆಗಲಿಲ್ಲ. ಈಚೆಗೆ ಕರಿಹಲಗೆಯ ಮೇಲೆ ಬರೆಯುತ್ತಿರುವಾಗ ಸೀಮೆಸುಣ್ಣ ಕೈಜಾರಿ ಬೀಳತೊಡಗಿತು. ಕಿರುಬೆರಳು, ಉಂಗುರದ ಬೆರಳು ಸದಾ ಜೋಮು. ಮೊದಲ ಸಲ ಹುಡುಗರು ನಕ್ಕರು, ನಾನೂ ನಕ್ಕೆ. ನಾಲ್ಕನೆಯ ಸಲ ಯಾರೂ ನಗಲಿಲ್ಲ.

ವೈದ್ಯರು ಎಕ್ಸ್‌ರೇ ನೋಡಿ, "ಚಿಕ್ಕಂದಿನಲ್ಲಿ ಬಿದ್ದಿದ್ದಿರಾ?" ಎಂದರು. ಮೊಣಕೈಯ ಹೊರಮಗ್ಗುಲಿನ ಮೂಳೆಯ ತುಣುಕೊಂದು ಆಗ ಮುರಿದು, ಕೂಡದೆಯೇ ಉಳಿದಿದೆ. ಆ ಕಡೆ ಬೆಳವಣಿಗೆ ಕುಂಠಿತವಾಗಿ, ಒಳಗಡೆ ಮಾತ್ರ ಮೂಳೆ ಬೆಳೆದಿದೆ. ಕೈ ಹೊರಕ್ಕೆ ವಾಲಿದೆ. ತಗುಲಿದರೆ ಜುಮ್ಮೆನ್ನುತ್ತದಲ್ಲ, ಮೊಣಕೈಯ ಆ ನರ ಅಂದಿನಿಂದಲೂ ಎಳೆಸಿಕೊಳ್ಳುತ್ತ ಬಂದು ಈಗ ಸೋತಿದೆ.

ಬಿದ್ದದ್ದು 1988ರ ಮುಂಗಾರಿನಲ್ಲಿ. ನನಗೆ ಎಂಟು ವರ್ಷ. ಹತ್ತಕೂಡದೆಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ ಸೀಬೆಮರ. ಮಳೆಗೆ ನೆನೆದ ಕೊಂಬೆ. ಅಂಗಳದಲ್ಲಿ ಜಾರಿದೆನೆಂದು ಸುಳ್ಳು ಹೇಳಿದೆ. ಅಪ್ಪ ಉಳುಕಿರಬೇಕೆಂದರು. ಅವ್ವ ಅರಿಶಿನದ ಪಟ್ಟು ಹಾಕಿ ಬಟ್ಟೆ ಸುತ್ತಿದಳು. ಅಷ್ಟೇ ಚಿಕಿತ್ಸೆ.

ಹಾಗಾದರೆ ತಪ್ಪು ಯಾರದು? ಸುಳ್ಳು ಹೇಳಿದವನು ನಾನು, ನಿಜ. ಆದರೆ ಅಪ್ಪನ ಬೆತ್ತಕ್ಕಿಂತ ಮುರಿದ ಮೂಳೆಯೇ ವಾಸಿ ಎಂದು ಎಂಟು ವರ್ಷದ ಮಗು ತೀರ್ಮಾನಿಸಿದರೆ, ಆ ತೀರ್ಮಾನ ಮಗುವಿನದೆನ್ನಬಹುದೆ? ಅಪ್ಪನದೆನ್ನೋಣವೆಂದರೆ, ಅವರೂ ಅವರಪ್ಪನ ಬೆತ್ತದಡಿಯಲ್ಲೇ ಬೆಳೆದವರು. ಹೀಗೆ ಹಿಂದಕ್ಕೆ ಹೋದರೆ ತಪ್ಪು ಎಲ್ಲಿಯೂ ನಿಲ್ಲುವುದಿಲ್ಲ. ಎಲ್ಲಿಯೂ ನಿಲ್ಲದ್ದು ಯಾರದೂ ಅಲ್ಲವೆನ್ನಲು ನೋಯುವ ಕೈ ಒಪ್ಪುವುದಿಲ್ಲ.

ಮಹಾಭಾರತದ ಅಷ್ಟಾವಕ್ರನ ಕತೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಗರ್ಭದಲ್ಲಿದ್ದಾಗಲೇ ತಂದೆಯ ತಪ್ಪನ್ನು ಎತ್ತಿ ತೋರಿಸಿ, ಅವನ ಶಾಪದಿಂದ ಎಂಟು ಕಡೆ ಡೊಂಕಾದವನು. ಮುಂದೆ ಜನಕನ ಸಭೆಯಲ್ಲಿ ವಾದ ಗೆದ್ದು ಅದೇ ತಂದೆಯನ್ನು ಬಿಡಿಸಿ ತಂದ. ಸಮಂಗಾ ನದಿಯಲ್ಲಿ ಮಿಂದು ಅವನ ಮೈ ನೆಟ್ಟಗಾದದ್ದು ಆಮೇಲೆ. ಈ ಕ್ರಮವನ್ನು ನಾನು ಗಮನಿಸಿದ್ದು ಈಗ: ಡೊಂಕು ಮೈಯಲ್ಲೇ ಹೋಗಿ ಬಿಡಿಸಿದ. ಅನ್ಯಾಯ ಸರಿಹೋದ ಮೇಲೆ ಕ್ಷಮಿಸುವೆನೆಂದು ಕಾಯಲಿಲ್ಲ.

ಅಪ್ಪ ಈಗಿಲ್ಲ. ಊರಿಗೆ ಹೋದಾಗ ಅವ್ವ, "ಕೈಗೇನಾಯ್ತೋ?" ಎಂದು ಕೇಳಿದಳು. ಬರೆದೂ ಬರೆದೂ ನೋವೆಂದೆ. ಅಂದು ನನಗೆ ಏಟು ಬಿದ್ದೀತೆಂದು ಸುಳ್ಳು. ಇಂದು ಅವಳಿಗೆ ನೋವಾದೀತೆಂದು ಸುಳ್ಳು. ಇದು ದಯೆಯೆಂದೇ ಎಣಿಸಿದ್ದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ನಂಗೆ ಗೊತ್ತಿತ್ತು ಕಣಪ್ಪ. ನೀನು ಮಲಗಿದ್ಮೇಲೆ ದೀಪ ಹಿಡಿದು ನೋಡಿದ್ದೆ. ಊದ್ಕೊಂಡಿತ್ತು. ಪೆಟ್ಟಿಗೇಲಿ ಬಿತ್ತನೆ ಬೀಜದ ದುಡ್ಡಿತ್ತು. ನಿಮ್ಮಪ್ಪನ್ನ ಕೇಳೋಕೆ ನಂಗೂ ಭಯ."

ಒಂದೇ ಮನೆಯಲ್ಲಿ, ಒಬ್ಬರದೇ ಭಯದಲ್ಲಿ, ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ನನ್ನ ಗಾಯ ಮೊಣಕೈಯಲ್ಲಿತ್ತು. ಅವಳದನ್ನು ಯಾವ ಎಕ್ಸ್‌ರೇಯೂ ತೋರಿಸಿರಲಿಲ್ಲ. ಎರಡಕ್ಕೂ ಚಿಕಿತ್ಸೆಯಾಗಿರಲಿಲ್ಲ. ತಪ್ಪಿನ ಲೆಕ್ಕವನ್ನು ನಾನು ಅಲ್ಲಿಗೇ ಬಿಟ್ಟೆ. ಅದು ಮುಗಿಯಿತೆಂದಲ್ಲ; ಬಾಕಿ ಸಲ್ಲಬೇಕಾದದ್ದು ಮುಂದಿನವರಿಗೆ. ನೋವಾಯಿತೆಂದು ಹೇಳಲು ಮಗು ಹೆದರದ ಮನೆಯನ್ನು ಕಟ್ಟಿದರೆ ಆ ಬಾಕಿ ಸಂದಂತೆ.

ಬರುವ ತಿಂಗಳು ಶಸ್ತ್ರಚಿಕಿತ್ಸೆ. ನರವನ್ನು ಮೊಣಕೈಯ ಮುಂಬದಿಗೆ ಸರಿಸುತ್ತಾರಂತೆ. ಕೈ ನೆಟ್ಟಗಾಗುವುದಿಲ್ಲ, ಎಳೆತ ತಪ್ಪುತ್ತದೆ, ಅಷ್ಟೆ ಎಂದರು ವೈದ್ಯರು. ಅಷ್ಟಾದರೆ ಸಾಕು. ಅವ್ವ ಜೊತೆಗೆ ಬರುತ್ತೇನೆಂದಿದ್ದಾಳೆ.