ಮುಚ್ಚಳದ ಕೆಳಗಿನ ಕಾಸು

ಹೋದ ತಿಂಗಳು ಮನೆಗೆ ಪೇಂಟ್ ಮಾಡಿಸಿದೆ. ಮೊದಲ ದಿನ ಮೇಸ್ತ್ರಿ 20 ಲೀಟರ್ ಬಕೆಟ್ ಬಿಚ್ಚಿದವರೇ ಬಣ್ಣದ ಕಡೆ ನೋಡಲೇ ಇಲ್ಲ. ಮುಚ್ಚಳ ತಿರುಗಿಸಿ, ಬಟ್ಟೆಯಲ್ಲಿ ಒರೆಸಿ, ಫೋನ್ ಹಿಡಿದು ಏನೋ ಸ್ಕ್ಯಾನ್ ಮಾಡಿದರು. ಟಿಣ್ ಅಂತು.

"ಏನದು?" ಅಂದೆ.

"ಟೋಕನ್ ಸಾರ್" ಅಂದ್ರು, ಇಷ್ಟೂ ಗೊತ್ತಿಲ್ವಾ ಅನ್ನೋ ಮುಖದಲ್ಲಿ.

ನಿಜಕ್ಕೂ ಗೊತ್ತಿರಲಿಲ್ಲ. ನಮ್ಮಲ್ಲಿ ಬಹಳಷ್ಟು ಪೇಂಟ್ ಕಂಪನಿಗಳು ಡಬ್ಬದೊಳಗೆ ಪೇಂಟರ್‌ಗಳಿಗೆ ಅಂತಲೇ ಟೋಕನ್ ಇಡ್ತಾವೆ. ಮೊದಲೆಲ್ಲ ಅದು ಪ್ಲಾಸ್ಟಿಕ್ ಬಿಲ್ಲೆ, ಅಂಗಡಿಗೆ ಕೊಟ್ಟರೆ ಕಾಸು. ಈಗ ಎಷ್ಟೋ ಕಡೆ ಕ್ಯೂಆರ್ ಕೋಡ್ ಬಂದಿದೆ, ಆ್ಯಪಲ್ಲಿ ಪಾಯಿಂಟ್ ಬೀಳುತ್ತೆ. ಅವತ್ತು ಬಿದ್ದದ್ದು 120 ರೂಪಾಯಿ.

120 ರೂಪಾಯಿ ದೊಡ್ಡದಲ್ಲ. ಆದ್ರೂ ರಾತ್ರಿ ತಲೆಯಲ್ಲಿ ಕೊರೀತಾನೇ ಇತ್ತು. ಬಕೆಟ್ಟಿಗೆ ದುಡ್ಡು ಕೊಟ್ಟದ್ದು ನಾನು, ಟೋಕನ್ನಿನ ಖರ್ಚೂ ಅದರ ಬೆಲೆಯಲ್ಲೇ ಸೇರಿರುತ್ತೆ. ಹಾಗಿದ್ದ ಮೇಲೆ ಕಾಸು ಯಾರದ್ದು? ಕಾಲೇಜ್ ಗೆಳೆಯರ ವಾಟ್ಸ್ಯಾಪ್ ಗುಂಪಲ್ಲಿ ಕೇಳಿದೆ. "ಡಬ್ಬ ನಿಂದು, ಒಳಗಿರೋದೆಲ್ಲ ನಿಂದು" ಅಂದ ಒಬ್ಬ. ಇನ್ನೊಬ್ಬ ಟೋಕನ್ ಎಲ್ಲ ತಾನೇ ಇಟ್ಕೊಳ್ಳೋದಾಗಿ ಮೊದಲೇ ಮಾತಾಡಿರ್ತಾನಂತೆ. ಮೂರನೆಯವನು ಮಾತ್ರ ಒಂದೇ ಸಾಲು ಹಾಕಿದ: "ಗೋವಾ ಮರೆತೆಯಾ?"

ಕಂಪನಿ ಕೆಲಸಕ್ಕೆ ಅಂತ ಎರಡು ವರ್ಷ ಪುಣೆಗೆ ಓಡಾಡಿದ್ದೆ. ಟಿಕೆಟ್ ಕಂಪನಿಯದ್ದು, ವಿಮಾನದ ಪಾಯಿಂಟ್ ಮಾತ್ರ ನನ್ನ ಹೆಸರಿಗೆ. ಆ ಪಾಯಿಂಟಲ್ಲೇ ಹೆಂಡತಿ, ಮಗುನ ಗೋವಾಕ್ಕೆ ಕರ್ಕೊಂಡು ಹೋಗಿದ್ದು. ಅವತ್ತು ಇದು ಯಾರದ್ದು ಅಂತ ಒಂದು ಕ್ಷಣವೂ ಯೋಚನೆ ಮಾಡಿರಲಿಲ್ಲ. ದುಡ್ಡು ಒಬ್ಬರದ್ದು, ಕೊಸರು ಇನ್ನೊಬ್ಬರಿಗೆ. ಮೇಸ್ತ್ರಿ ಮಾಡಿದ್ದೂ ಅದನ್ನೇ ತಾನೆ?

ಸೋತೆ ಅನ್ನಿಸಿದ ಕೂಡಲೇ ತಲೆ ಇನ್ನೊಂದು ವಾದ ಹುಡುಕಿತು. ಔಷಧ ಕಂಪನಿಗಳಿಂದ ಡಾಕ್ಟರುಗಳು ಉಡುಗೊರೆ ತಗೋಬಾರದು ಅಂತ ವೈದ್ಯಕೀಯ ಪರಿಷತ್ತು 2009ರಲ್ಲೇ ನಿಯಮ ತಂದಿದೆ. ಕಾಸು ಸಲಹೆಯನ್ನ ಕೆಡಿಸುತ್ತೆ ಅನ್ನೋದೇ ಕಾರಣ. ಪೇಂಟರ್ ಕೂಡ ಟೋಕನ್ ಆಸೆಗೆ ಬೇಡದ ಬಣ್ಣ ಹೇಳಬಹುದಲ್ಲ, ಬೇಡದ ಬಕೆಟ್ ತರಿಸಬಹುದಲ್ಲ?

ಬಹುದು. ಆದರೆ ರೋಗಿ ತನ್ನ ರಕ್ತವನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋಕಾಗಲ್ಲ, ಗೋಡೆ ಅಳೆಯೋದಕ್ಕೆ ಟೇಪ್ ಸಾಕು. ಬ್ರ್ಯಾಂಡ್, ಶೇಡ್ ಎರಡನ್ನೂ ಆರಿಸಿದ್ದು ನಾನೇ. ಇನ್ನು ಬಕೆಟ್ ಲೆಕ್ಕ. ಭಾನುವಾರ ಕೂತು ಅಳೆದೆ. ಗೋಡೆ, ಸೀಲಿಂಗ್ ಸೇರಿ 2,800 ಚದರಡಿ. ಒಳಗಿನ ಎಮಲ್ಷನ್ ಎರಡು ಕೋಟ್ ಹೊಡೆದರೆ ಲೀಟರಿಗೆ ಸುಮಾರು 60 ಚದರಡಿ ಬರುತ್ತೆ. ಅಂದರೆ ಹತ್ತಿರತ್ತಿರ 47 ಲೀಟರ್. ಮೇಸ್ತ್ರಿ ಬರೆದುಕೊಟ್ಟಿದ್ದು 20ರ ಎರಡು ಬಕೆಟ್, 10ರದ್ದು ಒಂದು. ಲೆಕ್ಕ ಸರಿಯಾಗೇ ಇತ್ತು. ಅನುಮಾನಪಟ್ಟಿದ್ದಕ್ಕೆ ನಾಚಿಕೆ ಆಯ್ತು ಅಂದ್ರೆ ಸುಳ್ಳು, ಸ್ವಲ್ಪ ನಿರಾಶೆಯೇ ಆಯ್ತು.

ನಮ್ಮೂರಲ್ಲಿ ತೆಂಗಿನಕಾಯಿ ಕೀಳೋರು ಕೂಲಿ ಇಸ್ಕೊಂಡು, ಹೋಗುವಾಗ ಎರಡು ಕಾಯಿ ಚೀಲಕ್ಕೆ ಹಾಕ್ಕೊಂಡು ಹೋಗ್ತಾರೆ. ಕೇಳೋದೂ ಇಲ್ಲ, ಬೇಡ ಅನ್ನೋರೂ ಇಲ್ಲ. ಅಪ್ಪ ಆ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಇದನ್ನೇ ಬರೆದು 'ಹಳ್ಳಿಯ ದೊಡ್ಡ ಮನಸ್ಸು' ಅಂತ ಮುಗಿಸಬಹುದಿತ್ತು. ಆದರೆ ಹತ್ತು ಕಾಸು ಕೂಲಿ ಜಾಸ್ತಿ ಕೇಳಿದಾಗ "ಕಾಯಿ ತಗೊಂಡು ಹೋಗ್ತೀಯಲ್ಲಪ್ಪ" ಅಂತ ಬಾಯಿ ಮುಚ್ಚಿಸುತ್ತಿದ್ದವರೂ ಅದೇ ಅಪ್ಪನೇ.

ಮಾರನೇ ದಿನ ಟೀ ಕುಡಿಯುವಾಗ ಮೇಸ್ತ್ರಿಯವರನ್ನ ನೇರ ಕೇಳಿದೆ, ಈ ಟೋಕನ್ ದುಡ್ಡು ಏನ್ ಮಾಡ್ತೀರಿ ಅಂತ.

"ಹುಡುಗರ ಟೀ, ತಿಂಡಿಗೆ ಹೋಗುತ್ತೆ ಸಾರ್. ಬೇಕು ಅಂದ್ರೆ ನೀವೇ ತಗೊಳ್ಳಿ, ಕೆಲವರು ಇಸ್ಕೊಳ್ತಾರೆ. ಆದ್ರೆ ಅದು ಬರುತ್ತೆ ಅಂತಲೇ ನಿಮಗೆ 12ಕ್ಕೆ ಒಪ್ಪಿದ್ದು."

ಅವರು ಕೇಳಿದ್ದು ಚದರಡಿಗೆ 14. ನಾನು ಚೌಕಾಸಿ ಮಾಡಿ 12ಕ್ಕೆ ಇಳಿಸಿದ್ದೆ. ಆಫೀಸಲ್ಲಿ ಹೇಳ್ಕೊಂಡೂ ಇದ್ದೆ. ಎರಡು ರೂಪಾಯಿಯಂತೆ 2,800 ಚದರಡಿಗೆ 5,600. ಅಷ್ಟು ಹೊತ್ತು ನಾನು ತನಿಖೆ ಮಾಡಿದ್ದು 120ನ್ನ.

ಅಷ್ಟರಲ್ಲಿ ಒಳಗೆ ಒಬ್ಬ ಹುಡುಗ ಕೆಮ್ಮಿದ. ಬಾಗಿಲಿನ ಹಳೇ ಎನಾಮಲ್ ಅನ್ನ ಎಮರಿ ಪೇಪರಲ್ಲಿ ಉಜ್ಜುತ್ತಿದ್ದ. ಮುಖಕ್ಕೆ ಕರ್ಚೀಫ್ ಕೂಡ ಇಲ್ಲ, ರೆಪ್ಪೆ ಮೇಲೆಲ್ಲ ಬಿಳೀ ಪುಡಿ. ನಮ್ಮ ಅಪಾರ್ಟ್‌ಮೆಂಟ್ 2009ರದ್ದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಲ್ಲಿ. ಅದಕ್ಕೂ ಹಳೇದಾದ ಎನಾಮಲ್ ಪುಡಿಯಲ್ಲಿ ಏನಿರುತ್ತೋ ಅಂತ ಮಗುನ ಅಜ್ಜಿ ಮನೆಗೆ ಕಳಿಸಿದ್ದೆ. ಅಷ್ಟು ಓದಿಕೊಂಡವನಿಗೆ ಉಜ್ಜುವವನ ಮೂಗು ನೆನಪಾಗಿರಲಿಲ್ಲ. ಕೆಳಗಿನ ಮೆಡಿಕಲ್ಸ್‌ಗೆ ಹೋಗಿ ಎನ್-95 ಮಾಸ್ಕ್ ಐದು ತಂದೆ. ಒಣಗಿದ್ದನ್ನ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ, ಪುಡಿ ಏಳಲ್ಲ ಅಂದೆ. ಹುಡುಗ ಮಾಸ್ಕ್ ಹಾಕ್ಕೊಂಡ, ಅರ್ಧ ಗಂಟೆಗೆ ಸೆಕೆ ಅಂತ ಗಲ್ಲಕ್ಕೆ ಇಳಿಸಿದ. ಮತ್ತೆ ಹೇಳಿದೆ, ಮತ್ತೆ ಏರಿಸಿದ.

ಕೊನೇ ದಿನ ದುಡ್ಡು ಕೊಡುವಾಗ 14ರ ಲೆಕ್ಕದಲ್ಲೇ ಕೊಟ್ಟೆ. ಮೇಸ್ತ್ರಿ ಎರಡು ಸಲ ಎಣಿಸಿದರು. "ಜಾಸ್ತಿ ಬಂದಿದೆ ಸಾರ್" ಅಂದ್ರು. ಮೊದಲು ಕೇಳಿದ್ದು ಅಷ್ಟೇ ಅಲ್ವಾ ಅಂದೆ. ತಲೆಯಾಡಿಸಿ ಜೇಬಿಗಿಟ್ಟುಕೊಂಡರು, ಧನ್ಯವಾದ ಗಿನ್ಯವಾದ ಏನೂ ಹೇಳಲಿಲ್ಲ. ಹೇಳ್ತಾರೆ ಅಂತ ಕಾದಿದ್ದೆ ಅನ್ನೋದನ್ನೂ ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ಹೊರಡುವ ಹೊತ್ತಿಗೆ ಕೊನೇ ಬಕೆಟ್ಟಿನ ಮುಚ್ಚಳ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು. "ಸಾರ್, ನೆಟ್ ಖಾಲಿಯಾಗಿದೆ. ಒಂಚೂರು ಹಾಟ್‌ಸ್ಪಾಟ್ ಆನ್ ಮಾಡ್ತೀರಾ?"

ಮಾಡಿದೆ. ಟಿಣ್ ಅಂತು.